ಖಾರದ ಊಟಕ್ಕೆ ವೈನ್ ಹೊಂದಲ್ಲ ಅಂತ ಯಾರು ಹೇಳಿದ್ದು?

(ನಮ್ಮನೆ ಗ್ರೂಪು, ಶನಿವಾರ ರಾತ್ರಿ. ಮಾರನೇ ದಿನ ವಿಜಯನಗರದಲ್ಲಿ ದೊಡ್ಡಪ್ಪನ ಮನೇಲಿ ಎಲ್ರಿಗೂ ಊಟ.)

ಅಣ್ಣ: ಫಾರ್ವರ್ಡ್ ಬಂದಿದೆ ನೋಡ್ರಪ್ಪ. "ಮೀನಿಗೆ ಬಿಳಿ ವೈನ್, ಮಾಂಸಕ್ಕೆ ಕೆಂಪು ವೈನ್, ಖಾರ ಮಸಾಲೆ ಊಟಕ್ಕೆ ಯಾವ ವೈನೂ ಬೇಡ." ತಮ್ಮಾ, ನೀನು ಜರ್ಮನಿಯಿಂದ ಹೊತ್ಕೊಂಡು ಬಂದಿರೋ ಆ ಎರಡು ಬಿಳಿ ಬಾಟ್ಲಿ ಬಿಡು, ನಾಳೆ ಬರ್ತಾ ನಾನೇ ಬಿಯರ್ ತರ್ತೀನಿ

ನಾನು: ಅಣ್ಣಾ ಈ ಪಟ್ಟಿ ಬರೆದೋನು ನಮ್ಮ ಊಟ ಉಂಡೇ ಇಲ್ಲ. ಖಾರಕ್ಕೆ ವೈನ್ ಆಗಲ್ಲ ಅನ್ನೋರ ತಲೇಲಿರೋದು 14 ಪರ್ಸೆಂಟ್ ಆಲ್ಕೋಹಾಲ್ ಇರೋ ದಪ್ಪ ಕೆಂಪು ವೈನ್, ಅದು ನಿಜವಾಗ್ಲೂ ಆಗಲ್ಲ, ಯಾಕಂದ್ರೆ ಮೆಣಸಿನಕಾಯಿ ಬಾಯಲ್ಲಿ ಎಲ್ಲಿ ಉರಿಸುತ್ತೋ ಆಲ್ಕೋಹಾಲೂ ಅಲ್ಲೇ ಉರಿಸುತ್ತೆ, ಮೇಲಿಂದ ಒಗರು ಬೇರೆ. ನಾನು ತಂದಿರೋದು ಮೋಸೆಲ್ ನದಿ ಕಡೆ ರೀಸ್ಲಿಂಗ್ ಅನ್ನೋ ದ್ರಾಕ್ಷಿಯ ಬಿಳಿ ವೈನ್, ಎಂಟೂವರೆ ಪರ್ಸೆಂಟು, ಹುಳಿ ಜಾಸ್ತಿ, ಒಂಚೂರು ಸಿಹಿ. ಖಾರಕ್ಕೆ ಇದಕ್ಕಿಂತ ಒಳ್ಳೇ ಜೋಡಿ ನನಗಂತೂ ಸಿಕ್ಕಿಲ್ಲ

ಅತ್ತೆ: ಅಜ್ಜಿ ಇರೋ ಗ್ರೂಪಲ್ಲಿ ಇದೆಲ್ಲಾ ಬೇಕಾ

ದೊಡ್ಡಪ್ಪ: ಇರ್ಲಿ ಬಿಡಮ್ಮ, ಅಮ್ಮ ಮಲಗಾಯ್ತು. ಆದ್ರೆ ನಂದೊಂದು ಪ್ರಶ್ನೆ ಕಣಪ್ಪ. ನಮ್ಮ ನಂದಿ ಬೆಟ್ಟದ ಬುಡದಲ್ಲೇ ದ್ರಾಕ್ಷಿ ತೋಟ ಇದೆ, ದೊಡ್ಡಬಳ್ಳಾಪುರದ ಕಡೆ ವೈನೂ ಮಾಡ್ತಾರೆ. ಅದು ಬಿಟ್ಟು ಅಷ್ಟು ದೂರದಿಂದ ಯಾಕೆ ತರೋದು

ನಾನು: ದೊಡ್ಡಪ್ಪ ನಮ್ಮ ಕಡೆ ವೈನ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. 1988ರಿಂದ ಅಲ್ಲಿ ಫ್ರೆಂಚ್ ತಳಿ ಬೆಳೆದು ವೈನ್ ಮಾಡಿದೋರ ಮೇಲೆ ನಂಗೆ ಗೌರವ ಇದೆ. ಆದ್ರೆ ಹವೆ ಬೇರೆ. ನಮ್ಮಲ್ಲಿ ಬಳ್ಳಿಗೆ ನಿದ್ದೇನೇ ಬರಲ್ಲ, ಎಲೆ ಉದುರಿಸಿ ಸುಮ್ನೆ ನಿಲ್ಲೋಷ್ಟು ಚಳಿ ಇಲ್ಲ, ಅದಕ್ಕೇ ವರ್ಷಕ್ಕೆ ಎರಡು ಸಲ ಸವರಿ ಒಂದೇ ಬೆಳೆ ತೆಗೀತಾರೆ. ಮೋಸೆಲ್ ಇರೋದು 50 ಡಿಗ್ರಿ ಉತ್ತರದಲ್ಲಿ, ಅಲ್ಲಿ ಹಣ್ಣು ಮಾಗೋದೇ ಕಷ್ಟ, ನದಿ ಪಕ್ಕ ಬಿಸಿಲು ಬೀಳೋ ಕಡಿದಾದ ಗುಡ್ಡದ ಮೇಲೇ ನೆಡ್ಬೇಕು. ಅಲ್ಲೇ ಟ್ರಿಯರ್ ಅನ್ನೋ ಊರ ಹತ್ರ ಎರಡು ವರ್ಷ ಇದ್ದೆನಲ್ಲ, ಆ ಗುಡ್ಡ ಹತ್ತಿದೀನಿ, ಕಾಲಿಟ್ಟರೆ ಕಪ್ಪು ಕಲ್ಲು ಚಕ್ಕೆ ಚಕ್ಕೆಯಾಗಿ ಜಾರುತ್ತೆ, ನೀವು ಸ್ಕೂಲಲ್ಲಿ ಬಳಪ ಹಿಡಿದು ಬರೀತಿದ್ರಲ್ಲ ಆ ಸ್ಲೇಟಿನ ಕಲ್ಲೇ. ಹಗಲು ಬಿಸಿಲು ಹೀರ್ಕೊಂಡು ರಾತ್ರಿ ಬಳ್ಳಿಗೆ ಕಾವು ಕೊಡುತ್ತೆ

ನಾನು: ಮುಖ್ಯ ವಿಷಯ ರಾತ್ರಿ ತಂಪು. ದ್ರಾಕ್ಷಿಲಿ ಹಸಿ ಸೇಬಿನ ಥರದ ಒಂದು ಹುಳಿ ಇರುತ್ತೆ, ಮ್ಯಾಲಿಕ್ ಆಮ್ಲ ಅಂತ. ಸೆಕೆ ಇದ್ರೆ ಬಳ್ಳಿ ಅದನ್ನ ಬೇಗ ಖರ್ಚು ಮಾಡ್ಬಿಡುತ್ತೆ, ತಂಪಿದ್ರೆ ಹಣ್ಣಲ್ಲೇ ಉಳಿಯುತ್ತೆ. ಊಟದ ಜೊತೆ ಕೆಲಸ ಮಾಡೋದು ಆ ಹುಳಿ. ಕೋಸಂಬರಿಗೆ ಕೊನೇಲಿ ನಿಂಬೆಹಣ್ಣು ಹಿಂಡ್ತೀವಲ್ಲ, ಅದೇ ಕೆಲಸ

ಚಿಕ್ಕಮ್ಮ: ಎಂತ ಮಾರಾಯ, ಹುಳಿ ಸರಿ, ಆದ್ರೆ ಸಿಹಿ ಅಂದ್ಯಲ್ಲ. ನಾಳೆ ನಾನು ಕೋರಿ ಗಸಿ, ನೀರ್ ದೋಸೆ ಮಾಡೋದು. ಗಸಿಯಲ್ಲಿ ತೆಂಗಿನ ಹಾಲು ಉಂಟು, ಅದೇ ಸಿಹಿ. ಅದರ ಮೇಲೆ ಸಿಹಿ ವೈನ್ ಕುಡಿದ್ರೆ ಪಾಯಸ ಕುಡಿದ ಹಾಗೆ ಆಗ್ತದೆ. ಮತ್ತೆ ನಾನು ಹಾಕುವುದು ಬ್ಯಾಡಗಿ, ಬಣ್ಣ ಜಾಸ್ತಿ, ಖಾರ ನೀನು ಹೇಳಿದಷ್ಟು ಇಲ್ಲ

ಅಣ್ಣ: ನೋಡು, ಅಡುಗೆ ಮಾಡೋರೇ ಬೇಡ ಅಂತಿದಾರೆ

ನಾನು: ಚಿಕ್ಕಮ್ಮ ನೀವು ಅನಾನಸ್ ಗೊಜ್ಜಿಗೆ ಬೆಲ್ಲ ಹಾಕಲ್ವಾ? ಹಾಕ್ತೀರ. ಅದನ್ನ ಯಾರಾದ್ರೂ ಸ್ವೀಟು ಅಂತಾರಾ? ಹುಣಸೆಹುಳಿ, ಖಾರ, ಬೆಲ್ಲ ಮೂರೂ ಒಂದನ್ನೊಂದು ಹಿಡ್ಕೊಂಡಿರುತ್ತೆ. ಈ ವೈನಲ್ಲೂ ಹಾಗೇ, ಸಕ್ಕರೆ ಇದೆ ಆದ್ರೆ ಹುಳಿನೂ ಜಾಸ್ತಿ ಇರೋದ್ರಿಂದ ನಾಲಿಗೆ ಮೇಲೆ ಅಂಟಲ್ಲ. ತೆಂಗಿನ ಹಾಲಿನ ಜಿಡ್ಡು ಬಾಯಿ ತುಂಬಾ ಕೂತಾಗ ಒಂದು ಗುಟುಕು ಹುಳಿ ಬಿದ್ರೆ ಬಾಯಿ ತೊಳೆದ ಹಾಗಾಗುತ್ತೆ, ಮುಂದಿನ ತುತ್ತು ಮೊದಲನೇ ತುತ್ತಿನಷ್ಟೇ ರುಚಿ

ಚಿಕ್ಕಮ್ಮ: ಗೊಜ್ಜಿನ ಮಾತು ಒಪ್ಪಿದೆ. ಆದ್ರೆ ಕಾಣೆ ಮೀನಿನ ರವಾ ಫ್ರೈಗೆ ನನಗೆ ಸಿಹಿ ಬೇಡವೇ ಬೇಡ. ಅದಕ್ಕೆ ಲಿಂಬೆ ಸಾಕು

ಪುಟ್ಟಿ: ಚಿಕ್ಕಪ್ಪಾ ಎರಡೂ ಬಾಟ್ಲಿ ಲೇಬಲ್ ಫೋಟೋ ಹಾಕಿ

(ನಾನು ಎರಡು ಫೋಟೋ ಹಾಕಿದೆ.)

ಪುಟ್ಟಿ: ಎರಡೂ ಒಂದೇ ಅಲ್ಲ! ಒಂದರಲ್ಲಿ ಕಾಬಿನೆಟ್ ಅಂತಿದೆ 8.5, ಇನ್ನೊಂದರಲ್ಲಿ ಟ್ರೋಕನ್ ಅಂತಿದೆ 12. ಟ್ರೋಕನ್ ಅಂದ್ರೆ ಡ್ರೈ ತಾನೆ?

ನಾನು: ಹೌದು ಪುಟ್ಟಿ, ಸರಿಯಾಗಿ ಹಿಡಿದೆ. ಎರಡಕ್ಕೂ ಸೇರಿಸಿ ಎಂಟೂವರೆ ಅಂದಿದ್ದು ನನ್ನ ತಪ್ಪು. ಟ್ರೋಕನ್ ಅಂದ್ರೆ ಸಿಹಿ ಉಳಿಸಿಲ್ಲ, ಸಕ್ಕರೆ ಹೆಚ್ಚುಕಮ್ಮಿ ಪೂರ್ತಿ ಹುದುಗಿ ಆಲ್ಕೋಹಾಲ್ ಆಗಿದೆ ಅಂತ, ಅದಕ್ಕೇ 12. ಹಾಗಾದ್ರೆ ಚಿಕ್ಕಮ್ಮ ಕೇಳಿದ್ದು ಸಿಕ್ತು. ಕಾಣೆ ಫ್ರೈಗೆ ಟ್ರೋಕನ್, ಗಸಿಗೆ ಒಂಚೂರು ಸಿಹಿ ಇರೋ ಈ ಕಾಬಿನೆಟ್. ಅದಲು ಬದಲು ಮಾಡ್ಬೇಡಿ ಪ್ಲೀಸ್, ಎರಡೂ ಕೆಡುತ್ತೆ

ಅಣ್ಣ: ಮೀನಿಗೆ ಬಿಳಿ ಅಂತ ಫಾರ್ವರ್ಡ್ ಹೇಳಿದ್ದು ಸರಿ ಆಯ್ತಲ್ಲ ಮತ್ತೆ

ನಾನು: ಆ ಒಂದು ಮಾತು ಸರಿ, ಆದ್ರೆ ಕಾರಣ ಬಣ್ಣ ಅಲ್ಲ ಅಣ್ಣ. ಕೆಂಪು ವೈನ್ ಜೊತೆ ಮೀನು ತಿಂದ್ರೆ ಕೊನೇಲಿ ಕೆಟ್ಟ ಮೀನು ವಾಸನೆ ಬರುತ್ತಲ್ಲ, 2009ರಲ್ಲಿ ಜಪಾನಿನೋರು ಪರೀಕ್ಷೆ ಮಾಡಿ ಅದು ವೈನಲ್ಲಿರೋ ಕಬ್ಬಿಣದಿಂದ ಅಂತ ತೋರಿಸಿದ್ರು. ಕಬ್ಬಿಣ ಕಮ್ಮಿ ಇರೋ ಕೆಂಪಾದ್ರೆ ಆ ತೊಂದರೆನೂ ಕಮ್ಮಿ. ಕೋಳಿಗೆ ಕೆಂಪೇ ಬೇಕು ಅನ್ನೋದಂತೂ ಇಲ್ವೇ ಇಲ್ಲ, ಮಾಂಸದ ಬಣ್ಣ ನೋಡೋದಲ್ಲ, ಮಸಾಲೆಲಿ ಎಷ್ಟು ಖಾರ ಎಷ್ಟು ಹುಳಿ ಎಷ್ಟು ಕಾಯಿ ಅಂತ ನೋಡ್ಬೇಕು

ಪುಟ್ಟಿ: ಫ್ರಾನ್ಸಿನ ಶಾಬ್ಲಿಲಿ ವೈನ್ ದ್ರಾಕ್ಷಿ ಬೆಳೆಯೋ ಮಣ್ಣಲ್ಲಿ ಸಮುದ್ರದ ಚಿಪ್ಪು ಇರುತ್ತಂತೆ, ಅದಕ್ಕೇ ಚಿಪ್ಪಿನ ಪ್ರಾಣಿ ಜೊತೆ ಕುಡೀತಾರಂತೆ, ನಿಜಾನಾ

ನಾನು: ಚಿಪ್ಪು ಇರೋದು ನಿಜ, ಆ ಸುಣ್ಣದ ಮಣ್ಣಲ್ಲಿ ಹಳೇ ಕಾಲದ ಸಣ್ಣ ಸಣ್ಣ ಸಿಂಪಿ ಕಲ್ಲಾಗಿ ಸಿಗುತ್ತೆ. ಆದ್ರೆ ರುಚಿ ಅಲ್ಲಿಂದ ಬರುತ್ತೆ ಅನ್ನೋದನ್ನ ನಾನು ನಂಬಲ್ಲ. ಶಾಬ್ಲಿ ಚಳಿ ಊರು, ಏಪ್ರಿಲಲ್ಲೂ ಹಿಮ ಬಿದ್ದು ಚಿಗುರು ಸುಡುತ್ತೆ, ಅಲ್ಲಿ ಶಾರ್ಡನೇ ಅನ್ನೋ ಬಿಳಿ ದ್ರಾಕ್ಷಿನೂ ಹುಳಿಯಾಗೇ ಇರುತ್ತೆ, ಸಿಂಪಿಗೆ ನಿಂಬೆ ಹಿಂಡಿದ ಹಾಗೆ ಅಷ್ಟೇ

ಚಿಕ್ಕಮ್ಮ: ಹಾಗಾದ್ರೆ ನಮ್ಮ ಮರುವಾಯಿ, ಅದೇ ಚಿಪ್ಪು ಮೀನಿನ ಸುಕ್ಕಕ್ಕೆ?

ನಾನು: ಚಿಕ್ಕಮ್ಮ ಅದಕ್ಕೆ ಸ್ಪೇನಿನ ಆಲ್ಬರಿನ್ಯೋ ಅನ್ನೋ ಬಿಳಿ ವೈನ್! ಅಟ್ಲಾಂಟಿಕ್ ಕರಾವಳಿ, ನಿಮ್ಮೂರಿನ ಥರಾನೇ ಮಳೆ ಜಾಸ್ತಿ, ತೇವಕ್ಕೆ ಬೂಷ್ಟು ಹಿಡೀಬಾರ್ದು ಅಂತ ಬಳ್ಳಿನ ಚಪ್ಪರಕ್ಕೆ ಹಬ್ಬಿಸಿ ಎತ್ತರಕ್ಕೆ ಬೆಳೆಸ್ತಾರೆ. ಅಲ್ಲಿನೋರೂ ಚಿಪ್ಪು ಮೀನು ತಿನ್ನೋ ಜನ. ಮುಂದಿನ ಸಲ ಖಂಡಿತ ಹುಡುಕಿ ತರ್ತೀನಿ

ದೊಡ್ಡಪ್ಪ: ಎಲ್ಲಾ ಸರಿ, ನಾಟಿ ಕೋಳಿ ಸಾರು ಮುದ್ದೆ ಬಗ್ಗೆ ಯಾರೂ ಮಾತಾಡ್ತಿಲ್ಲ. ನಂಗೆ ನಾಳೆ ಅದೇ ಊಟ. ಮುದ್ದೆ ಅಗಿಯೋದಲ್ಲ ನುಂಗೋದು, ಸಾರಲ್ಲಿ ಅದ್ದಿ ಒಂದರ ಹಿಂದೆ ಒಂದು ಇಳೀಬೇಕು. ಮಧ್ಯ ಲೋಟ ಎತ್ತಿ ಗುಟುಕು ಹಾಕೋಕೆ ಪುರುಸೊತ್ತೆಲ್ಲಿ. ಬಾಯಲ್ಲಿ ಬಿಸಿ ಸಾರು, ಮೇಲೆ ತಣ್ಣಗಿನ ವೈನು, ಆಗೋ ಮಾತಲ್ಲ

ನಾನು: ದೊಡ್ಡಪ್ಪ ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ನೀವು ಹೇಳಿದ್ದೇ ಸರಿ. ಮುದ್ದೆಗೆ ಸಾರೇ ಜೊತೆ. ವೈನ್ ಊಟಕ್ಕೆ ಮುಂಚೆ, ಕಾಣೆ ಫ್ರೈ ಬಂದಾಗ ಒಂದು ಸಣ್ಣ ಲೋಟ ತಗೊಳಿ, ಮುದ್ದೆ ಹೊತ್ತಿಗೆ ನಾನೇ ತೆಗೆದಿಡ್ತೀನಿ

ದೊಡ್ಡಪ್ಪ: ಹಾಗಾದ್ರೆ ಆಗ್ಲಿ. ಬಿಯರ್ ಬೇಡ ಕಣೋ ದೊಡ್ಡೋನೆ, ಮಜ್ಜಿಗೆ ಇದೆ

ಅಣ್ಣ: ಸರಿ ದೊಡ್ಡಪ್ಪ. ಐಸ್ ತರ್ಲಾ ವೈನಿಗೆ ಹಾಕೋಕೆ

ನಾನು: ಐಸ್ ಬೇಡಣ್ಣ, ಕರಗಿ ನೀರಾಗಿ ಹುಳಿ ಸಿಹಿ ಎರಡೂ ಹೋಗುತ್ತೆ. 8ರಿಂದ 10 ಡಿಗ್ರಿ ಇದ್ರೆ ಸಾಕು, ಬೆಳಿಗ್ಗೆನೇ ಫ್ರಿಜ್ಜಲ್ಲಿಟ್ಟು ಬಡಿಸೋಕೆ ಸ್ವಲ್ಪ ಮುಂಚೆ ಹೊರಗೆ ತೆಗೆದ್ರೆ ಸರಿಯಾಗುತ್ತೆ. ತೀರಾ ತಣ್ಣಗಿದ್ರೆ ಘಮವೇ ಬರಲ್ಲ

ಅತ್ತೆ: ಫ್ರಿಜ್ಜಲ್ಲಿ ಎಲ್ಲಿ ಜಾಗ ಇದೆ, ನೀರ್ ದೋಸೆ ಹಿಟ್ಟು ಎರಡು ಪಾತ್ರೆ, ಮೊಸರು, ಮೀನು

ಚಿಕ್ಕಮ್ಮ: ನೀರ್ ದೋಸೆ ಹಿಟ್ಟು ಹುಳಿ ಬರಬಾರದು, ಅದನ್ನು ಹೊರಗೆ ಇಡಬೇಡಿ ಅತ್ತಿಗೆ. ಮೊಸರು ಹೊರಗೆ ಇಡಿ, ಆ ಜಾಗದಲ್ಲಿ ಬಾಟ್ಲಿ ಮಲಗಿಸಿ

ಅತ್ತೆ: ಆಯ್ತು. ಉದ್ದ ಎಷ್ಟಿದೆ ಬಾಟ್ಲಿ?

ನಾನು: ಮಾಮೂಲಿಗಿಂತ ಉದ್ದ ಅತ್ತೆ, ಮೋಸೆಲ್ ಬಾಟ್ಲಿ ತೆಳ್ಳಗೆ ಉದ್ದಕ್ಕೇ ಇರುತ್ತೆ. ಏಳು ಗಂಟೆಗೇ ಬಂದು ನಾನೇ ಇಡ್ತೀನಿ