ಏಜೆಂಟ್‌ಗೆ ಕೊಡುವ ಟೂಲ್‌ನ ವಿವರಣೆಯಲ್ಲಿ ಏನಿರಬೇಕು?

ತುಂಗಾತೀರ:
ಕೋಡ್ ಬರೆಯುವ ಎಐ ಏಜೆಂಟ್‌ಗಳಿಗೆ (ಒಪ್ಪಿಸಿದ ಕೆಲಸವನ್ನು ಹಂತಹಂತವಾಗಿ ತಾವೇ ಮಾಡುವ ಪ್ರೋಗ್ರಾಂಗಳಿಗೆ) ನಾವು ಒದಗಿಸುವ ಟೂಲ್‌ಗಳ, ಅಂದರೆ ಕಡತ ತಿದ್ದುವಂಥ ಕೆಲಸಕ್ಕೆ ಅವು ಬಳಸುವ ಸಣ್ಣ ಸಾಧನಗಳ, ವಿವರಣೆಯನ್ನು ಎಷ್ಟು ಅಸಡ್ಡೆಯಿಂದ ಬರೆಯುತ್ತೇವೆ ಎಂಬುದು ಕಳೆದ ತಿಂಗಳು ನನಗೆ ಮನವರಿಕೆಯಾಯಿತು. ನಮ್ಮ ಆ್ಯಪ್‌ನ ಕನ್ನಡ ಅನುವಾದದ ಕಡತದಲ್ಲಿ ಒಂದು ಸಾಲನ್ನು ತಿದ್ದುವ ಕೆಲಸವನ್ನು ಏಜೆಂಟ್‌ಗೆ ಒಪ್ಪಿಸಿದ್ದೆವು. ನಮ್ಮ ಟೂಲ್ ಹಳೆಯ ಪಠ್ಯವನ್ನೂ ಹೊಸ ಪಠ್ಯವನ್ನೂ ಪಡೆದು, ಹಳೆಯದು ಕಡತದಲ್ಲಿ ಯಥಾವತ್ತಾಗಿ ಸಿಕ್ಕರೆ ಮಾತ್ರ ಬದಲಿಸುತ್ತದೆ. ಆ ಸಾಲಿನಲ್ಲಿ ‘ಸಾಫ್ಟ್‌ವೇರ್’ ಎಂಬ ಪದವಿತ್ತು. ವಕಾರವು ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ಆ ಪದದ ನಡುವೆ ಯು+200ಸಿ ಎಂಬ, ಕಣ್ಣಿಗೆ ಕಾಣದ ಯುನಿಕೋಡ್ ಗುರುತು ಇರುತ್ತದೆ. ಏಜೆಂಟ್ ಅದನ್ನು ಬಿಟ್ಟು ಬರೆಯಿತು. ಟೂಲ್ ‘ಪಠ್ಯ ಸಿಗಲಿಲ್ಲ’ ಎಂದಿತು. ಐದು ಸಲ ಹೀಗೇ ಆದ ಮೇಲೆ ಏಜೆಂಟ್ ಇಡೀ ಕಡತವನ್ನೇ ಹೊಸದಾಗಿ ಬರೆದುಬಿಟ್ಟಿತು, ಉಳಿದ ಸಾಲುಗಳಲ್ಲಿದ್ದ ಅಂಥ ಗುರುತುಗಳೂ ಅಳಿದುಹೋದವು, ಪರದೆಯ ಮೇಲೆ ಎಲ್ಲೆಡೆ ‘ಸಾಫ್ಟ್ವೇರ್’ ಕಾಣತೊಡಗಿತು. ಟೂಲ್‌ನ ವಿವರಣೆಯನ್ನು ತೆರೆದು ನೋಡಿದರೆ ಅಲ್ಲಿದ್ದದ್ದು ‘ಎಡಿಟ್ಸ್ ಫೈಲ್’ ಎಂಬ ಎರಡು ಪದ ಮಾತ್ರ. ಹೊಸದಾಗಿ ಸೇರಿದ ಸಹೋದ್ಯೋಗಿಗೆ ಹೇಳಿಕೊಡುವಷ್ಟು ವಿವರವನ್ನು ಅಲ್ಲಿ ಬರೆದಿದ್ದರೆ ಇದು ತಪ್ಪುತ್ತಿತ್ತು ಎಂಬುದು ನನ್ನ ವಾದ.

ಕಡತಪಾಲಕ:
ನಾನು ಇದನ್ನು ಪೂರ್ತಿ ಒಪ್ಪಲಾರೆ. ಟೂಲ್‌ಗಳ ವಿವರಣೆ ಸಾಮಾನ್ಯವಾಗಿ ಪ್ರತಿ ಸಲವೂ ಮಾಡೆಲ್‌ನ, ಅಂದರೆ ಏಜೆಂಟ್‌ನ ಹಿಂದಿರುವ ಭಾಷಾ ಮಾದರಿಯ, ಮುಂದೆ ಹೋಗುತ್ತದೆ. ಮೂವತ್ತು ನಲವತ್ತು ಟೂಲ್‌ಗಳಿಗೆ ಪುಟಗಟ್ಟಲೆ ಬರೆದರೆ ಟೋಕನ್‌ಗಳ (ಮಾಡೆಲ್ ಪಠ್ಯವನ್ನು ಒಡೆದು ಓದುವ ತುಣುಕುಗಳ) ಖರ್ಚು ಒಂದೆಡೆ, ಮುಖ್ಯವಾದ ಮಾತು ಅದರಲ್ಲಿ ಮುಳುಗಿಹೋಗುವುದು ಇನ್ನೊಂದೆಡೆ. ವಿವರಣೆಗಿಂತ ಮೊದಲು ಟೂಲ್ ಸರಿಯಾಗಬೇಕು. ಎಐ ಮಾಡೆಲ್‌ಗಳನ್ನು ರೂಪಿಸುವ ಆಂತ್ರೊಪಿಕ್ ಸಂಸ್ಥೆಯ ಎಂಜಿನಿಯರ್‌ಗಳು 2024ರ ಡಿಸೆಂಬರ್‌ನಲ್ಲಿ ಹಂಚಿಕೊಂಡ ಅನುಭವ ಇಲ್ಲಿಗೆ ಹೊಂದುತ್ತದೆ: ಅವರ ಏಜೆಂಟ್ ಮೂಲ ಡೈರೆಕ್ಟರಿಯಿಂದ ಹೊರಗೆ ಹೋದ ಮೇಲೆ ಸಾಪೇಕ್ಷ ಪಾತ್ (ಆಗ ಇರುವ ಡೈರೆಕ್ಟರಿಯಿಂದ ಲೆಕ್ಕ ಹಾಕುವ ಕಡತದ ವಿಳಾಸ) ಕೊಟ್ಟು ಎಡವುತ್ತಿತ್ತು, ಪೂರ್ಣ ಪಾತ್ ಕೊಡುವುದನ್ನೇ ಕಡ್ಡಾಯ ಮಾಡಿದಾಗ ಆ ತಪ್ಪು ನಿಂತಿತು. ಹಾಗೆಯೇ ನಿಮ್ಮ ಟೂಲ್ ಹೋಲಿಸುವಾಗ ಯು+200ಸಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸಾಕಿತ್ತು.

ಶಾಲ್ಮಲೆ:
ಕಡತಪಾಲಕರೇ, ನಿಮ್ಮ ತತ್ವ ಸರಿಯಾದರೂ ಪರಿಹಾರ ಅಪಾಯಕಾರಿಯಾಗಿದೆ. ಹೋಲಿಸುವಾಗ ಆ ಗುರುತನ್ನು ಕಡೆಗಣಿಸಿದರೆ ಹಳೆಯ ಪಠ್ಯವೇನೋ ಸಿಗುತ್ತದೆ, ಆದರೆ ಏಜೆಂಟ್ ಕೊಟ್ಟ ಹೊಸ ಪಠ್ಯದಲ್ಲೂ ಆ ಗುರುತು ಇಲ್ಲದಿರುವುದರಿಂದ ‘ಸಾಫ್ಟ್ವೇರ್’ ಯಾವ ಸದ್ದೂ ಇಲ್ಲದೆ ಕಡತದೊಳಗೆ ಸೇರಿಕೊಳ್ಳುತ್ತದೆ. ಕಣ್ಣಿಗೆ ಬಿದ್ದ ತಪ್ಪಿಗಿಂತ ಬೀಳದ ತಪ್ಪು ಕನ್ನಡದ ಪಠ್ಯಕ್ಕೆ ಹೆಚ್ಚು ಹಾನಿ ಮಾಡುತ್ತದೆ.

ವಿವರಣೆಯಿಂದಲೇ ಸರಿಹೋದ ಉದಾಹರಣೆಯೂ ಅದೇ ಸಂಸ್ಥೆಯಿಂದ ಬಂದಿದೆ. ಅವರ ಮಾಡೆಲ್ ವೆಬ್ ಹುಡುಕಾಟದ ಟೂಲ್ ಬಳಸುವಾಗ ಅಗತ್ಯವಿಲ್ಲದಿದ್ದರೂ ಪ್ರಶ್ನೆಯ ಕೊನೆಗೆ 2025 ಎಂದು ಸೇರಿಸುತ್ತಿತ್ತು. ಟೂಲ್‌ನ ವಿವರಣೆಯನ್ನು ತಿದ್ದಿ ಅದನ್ನು ಸರಿದಾರಿಗೆ ತಂದರು. ಅಲ್ಲದೆ 2024ರ ನವೆಂಬರ್‌ನಲ್ಲಿ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವ ಸಾಮಾನ್ಯ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಬಂದ ಮೇಲೆ ಬೇರೆ ಬೇರೆಯವರು ಬರೆದ ಟೂಲ್‌ಗಳು ಒಂದೇ ಏಜೆಂಟ್‌ನ ಮುಂದೆ ನಿಲ್ಲುತ್ತಿವೆ. ಕಡತದ ಹೆಸರನ್ನು ಹುಡುಕುವುದಕ್ಕೂ ‘ಸರ್ಚ್’, ದೋಷ ವರದಿಯ ಟಿಕೆಟ್‌ಗಳನ್ನು ಹುಡುಕುವುದಕ್ಕೂ ‘ಸರ್ಚ್’. ಟೂಲ್‌ನ ಒಳಗಿನ ಕೋಡ್ ಮಾಡೆಲ್‌ಗೆ ಕಾಣುವುದಿಲ್ಲ. ಹೆಸರು, ವಿವರಣೆ ಮತ್ತು ಇನ್‌ಪುಟ್‌ನ ಸ್ವರೂಪ ಇಷ್ಟನ್ನೇ ನೋಡಿ ಅದು ಆಯ್ಕೆ ಮಾಡಬೇಕು. ಆದ್ದರಿಂದ ಟೂಲ್ ಏನು ಮಾಡುತ್ತದೆ ಎಂಬುದರ ಜೊತೆಗೆ ಯಾವುದನ್ನು ಮಾಡುವುದಿಲ್ಲ, ಆಗ ಯಾವ ಟೂಲ್ ಬಳಸಬೇಕು ಎಂಬ ಒಂದು ವಾಕ್ಯ ಇರಲೇಬೇಕು.

ಮರುಪರೀಕ್ಷೆ:
ನೀವು ಮೂವರೂ ಟೂಲ್‌ನ ಉತ್ತರವನ್ನು ಮರೆತಿದ್ದೀರಿ. ನನಗೆ ಇಲ್ಲಿ ನಿಜವಾದ ದೋಷವಾಗಿ ಕಾಣುವುದು ‘ಪಠ್ಯ ಸಿಗಲಿಲ್ಲ’ ಎಂಬ ಸಂದೇಶ, ಏಕೆಂದರೆ ಐದು ಸಲವೂ ಏಜೆಂಟ್‌ಗೆ ಹೊಸದೇನೂ ತಿಳಿಯಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಎಸ್‌ಡಬ್ಲ್ಯುಇ-ಏಜೆಂಟ್ ಎಂಬ ಕೋಡ್ ತಿದ್ದುವ ವ್ಯವಸ್ಥೆಯನ್ನು ರೂಪಿಸಿದಾಗ, ತಿದ್ದುಪಡಿಯಿಂದ ಕೋಡ್‌ನ ಸಿಂಟ್ಯಾಕ್ಸ್ (ವ್ಯಾಕರಣ) ಕೆಟ್ಟರೆ ಟೂಲ್ ಅದನ್ನು ತಿರಸ್ಕರಿಸಿ ಕಾರಣವನ್ನೂ ಹೇಳುವಂತೆ ಮಾಡಿದ್ದರು. ನಿಮ್ಮ ಟೂಲ್ ‘42ನೆಯ ಸಾಲಿನಲ್ಲಿ ಇದನ್ನೇ ಹೋಲುವ ಪಠ್ಯವಿದೆ, ಅದರಲ್ಲಿ ಯು+200ಸಿ ಇದೆ, ನೀವು ಕಳಿಸಿದ್ದರಲ್ಲಿ ಇಲ್ಲ’ ಎಂದಿದ್ದರೆ ಎರಡನೆಯ ಯತ್ನದಲ್ಲೇ ಕೆಲಸ ಮುಗಿಯುತ್ತಿತ್ತು ಎಂದು ನಂಬುತ್ತೇನೆ. ಈ ಮಾತಿಗೆ ಪ್ರತಿ ಸಲವೂ ಟೋಕನ್ ವ್ಯಯಿಸಬೇಕಾಗಿಲ್ಲ; ತಪ್ಪಾದಾಗ ಮಾತ್ರ ಅದು ಹೊರಬರುತ್ತದೆ.

ತುಂಗಾತೀರ:
ಇದು ನನಗೆ ಹೊಳೆದಿರಲಿಲ್ಲ, ಧನ್ಯವಾದಗಳು. ದೋಷ ಸಂದೇಶವನ್ನು ನೀವು ಹೇಳಿದಂತೆಯೇ ಬದಲಿಸುತ್ತೇನೆ. ವಿವರಣೆಯನ್ನು ಹೀಗೆ ಬರೆಯಬೇಕೆಂದಿದ್ದೇನೆ: ‘ಈಗಾಗಲೇ ಇರುವ ಕಡತದಲ್ಲಿ ಒಂದು ಭಾಗವನ್ನು ಬದಲಿಸುತ್ತದೆ. ಹಳೆಯ ಪಠ್ಯವು ಖಾಲಿ ಜಾಗ ಮತ್ತು ಕಾಣದ ಗುರುತುಗಳೂ ಸೇರಿ ಯಥಾವತ್ತಾಗಿರಬೇಕು, ಮತ್ತು ಕಡತದಲ್ಲಿ ಒಂದೇ ಕಡೆ ಇರಬೇಕು. ಮೊದಲು ಕಡತವನ್ನು ಓದಿ. ಹೊಸ ಕಡತ ರಚಿಸಲು ಇದನ್ನು ಬಳಸಬೇಡಿ. ಅನುವಾದದ ಕಡತಗಳನ್ನು ಪೂರ್ತಿಯಾಗಿ ಮರುಬರೆಯಬೇಡಿ.’

ಕಡತಪಾಲಕ:
ಶಾಲ್ಮಲೆಯವರ ಆಕ್ಷೇಪ ನ್ಯಾಯವಾದದ್ದು, ನನ್ನ ಸಲಹೆಯನ್ನು ಹಿಂದೆಗೆದುಕೊಳ್ಳುತ್ತೇನೆ. ಆದರೆ ತುಂಗಾತೀರ ಅವರೇ, ನಿಮ್ಮ ಕೊನೆಯ ವಾಕ್ಯ ಅಲ್ಲಿರಬಾರದು. ಮಾಡೆಲ್ ಆ ಮಾತನ್ನು ಬಹುತೇಕ ಸಲ ಪಾಲಿಸಬಹುದು, ಪ್ರತಿ ಸಲವೂ ಪಾಲಿಸುತ್ತದೆಂಬ ಖಾತರಿ ಇಲ್ಲ. ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಲ್ಲಿ ‘ಈ ಟೂಲ್ ವಿನಾಶಕಾರಿ’ ಎಂದು ಗುರುತಿಸಲು ಅವಕಾಶವಿದೆ, ಆದರೆ ಅದು ಸುಳಿವು ಮಾತ್ರ, ಬೀಗವಲ್ಲ ಎಂಬುದನ್ನು ಅದರ ನಿಯಮಗಳೇ ಸ್ಪಷ್ಟಪಡಿಸುತ್ತವೆ. ಇಡೀ ಕಡತವನ್ನು ಬರೆಯುವ ಟೂಲ್‌ಗೆ ಅನುವಾದದ ಫೋಲ್ಡರ್‌ನಲ್ಲಿ ಬರೆಯುವ ಅನುಮತಿಯನ್ನೇ ಕೊಡಬೇಡಿ. ಬರೆಯಲು ಹೋದಾಗ ‘ಇಲ್ಲಿ ತಿದ್ದುವ ಟೂಲ್ ಮಾತ್ರ ಬಳಸಿ’ ಎಂಬ ಉತ್ತರ ಬರಲಿ.

ಶಾಲ್ಮಲೆ:
ಅದಕ್ಕೆ ನನ್ನ ಒಪ್ಪಿಗೆಯಿದೆ. ಇನ್ನೊಂದು ಮಾತು: ‘ಕಾಣದ ಗುರುತುಗಳು’ ಎಂದಷ್ಟೇ ಬರೆಯದೆ ಯು+200ಸಿ ಎಂದು ಹೆಸರಿಸಿ, ‘ಸಾಫ್ಟ್‌ವೇರ್’ ಪದವನ್ನೇ ಉದಾಹರಣೆಯಾಗಿ ಕೊಡಿ. ಆಮೇಲೆ ಅದೇ ಹಳೆಯ ಸಾಲನ್ನು ಏಜೆಂಟ್‌ಗೆ ಹತ್ತು ಸಲ ತಿದ್ದಲು ಕೊಟ್ಟು, ಎಷ್ಟು ಸಲ ಗುರುತು ಉಳಿಯಿತೆಂದು ಎಣಿಸಿ ಇಲ್ಲಿ ತಿಳಿಸಿ.