ಎಚ್‌ಐವಿ ಬಡವರ ಕಾಯಿಲೆಯಾದರೆ ವಜ್ರದ ಗಣಿ ಇರುವ ಬೋಟ್ಸ್‌ವಾನಾ ಯಾಕೆ ನಲುಗಿತು?

ಓದುಗ_ಧಾರವಾಡ

ಅಭಿವೃದ್ಧಿ ಅರ್ಥಶಾಸ್ತ್ರದ ಪತ್ರಿಕೆಗೆ ಓದುತ್ತಿದ್ದೇನೆ. ಬಡತನದಿಂದ ಎಚ್‌ಐವಿ, ಎಚ್‌ಐವಿಯಿಂದ ಬಡತನ ಎಂದು ಒಂದು ಚಕ್ರ ಬರೆದು ಎಲ್ಲ ನೋಟ್ಸೂ ಮುಗಿಸಿಬಿಡುತ್ತವೆ. ಆದರೆ ಕಡುಬಡ ನೈಜರ್‌ನಲ್ಲಿ ಸೋಂಕಿತ ವಯಸ್ಕರು ಶೇ 1ಕ್ಕಿಂತ ಕಡಿಮೆ, ಎಷ್ಟೋ ಪಟ್ಟು ಸಿರಿವಂತ ಬೋಟ್ಸ್‌ವಾನಾದಲ್ಲಿ ಸುಮಾರು ಐವರಲ್ಲಿ ಒಬ್ಬರು. ಇದು ಹೇಗೆ? ಅಷ್ಟು ಜನ ಸತ್ತ ವರ್ಷಗಳಲ್ಲೂ ಬೋಟ್ಸ್‌ವಾನಾದ ತಲಾ ಆದಾಯ ಏರುತ್ತಲೇ ಇತ್ತು. ಹಾಗಾದರೆ ಅಭಿವೃದ್ಧಿಗೆ ಪೆಟ್ಟು ಬಿತ್ತೆಂದು ಯಾವ ಲೆಕ್ಕದಲ್ಲಿ ತೋರಿಸುವುದು? ನಮ್ಮ ಬಾಗಲಕೋಟೆ, ಬೆಳಗಾವಿ ಕಡೆಗೂ ಇದೇ ವಿವರಣೆ ಹೊಂದುತ್ತದೆಯೇ?

ಲೆಕ್ಕಿಗ

ಆ ಚಕ್ರದ ಎರಡನೆಯ ಬಾಣ ಗಟ್ಟಿ, ಮೊದಲನೆಯದು ಸಡಿಲ. ದುಡಿಯುವವರು ಎಲ್ಲಿಗೆ ಹೋಗುತ್ತಾರೆ, ಎಷ್ಟು ತಿಂಗಳು ಮನೆಯಿಂದ ದೂರ ಇರುತ್ತಾರೆ, ಕಾಂಡೋಮ್ ಬೇಕೇ ಬೇಕು ಅನ್ನುವ ಧೈರ್ಯ ಹೆಂಗಸಿಗೆ ಇದೆಯೇ ಎಂಬುದರ ಮೇಲೆ ಸೋಂಕು ಹರಡುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳು ಲೆಸೋಥೊ, ಮೊಜಾಂಬಿಕ್, ಬೋಟ್ಸ್‌ವಾನಾಗಳಿಂದ ಗಂಡಸರನ್ನಷ್ಟೇ ಕರೆಸಿಕೊಂಡು ಹಾಸ್ಟೆಲ್‌ಗಳಲ್ಲಿ ಇರಿಸುತ್ತಿದ್ದವು. ಬೋಟ್ಸ್‌ವಾನಾದೊಳಗೂ ಒಂದೇ ಕುಟುಂಬ ಊರು, ಹೊಲ, ದನದ ದೊಡ್ಡಿ, ಪಟ್ಟಣದ ನೌಕರಿ ಎಂದು ಹಂಚಿಹೋಗುತ್ತದೆ. ಸಂಬಳ ಮತ್ತು ಒಳ್ಳೆಯ ರಸ್ತೆ ಓಡಾಟವನ್ನು ಹೆಚ್ಚಿಸುತ್ತವೆ. 2000ದ ದಶಕದ ರಕ್ತಪರೀಕ್ಷಾ ಸಮೀಕ್ಷೆಗಳಲ್ಲಿ ಕೀನ್ಯಾ, ಟಾಂಜಾನಿಯಾಗಳ ಅತಿ ಬಡವರಿಗಿಂತ ಅತಿ ಸ್ಥಿತಿವಂತರಲ್ಲೇ ಸೋಂಕು ಹೆಚ್ಚಿತ್ತು. ನೈಜರ್‌ಗೆ ಇನ್ನೊಂದು ಕಾರಣವೂ ಉಂಟು. ಅಲ್ಲಿ ಬಹುತೇಕ ಗಂಡಸರಿಗೆ ಸುನ್ನತಿ ಆಗಿರುತ್ತದೆ. ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಸಾಧ್ಯತೆಯನ್ನು ಅದು ಸುಮಾರು ಶೇ 60ರಷ್ಟು ತಗ್ಗಿಸುತ್ತದೆಂದು ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳ ಪ್ರಯೋಗಗಳು ತೋರಿಸಿವೆ.

ತಲಾ ಆದಾಯ ಇಲ್ಲಿ ದಾರಿ ತಪ್ಪಿಸುವ ಅಳತೆ. ವಜ್ರದ ಗಣಿಯಲ್ಲಿ ಹೆಚ್ಚಿನ ಕೆಲಸ ಯಂತ್ರದ್ದು, ಊರಲ್ಲಿ ಜನ ಸತ್ತರೂ ಹರಳು ಬರುವುದು ನಿಲ್ಲುವುದಿಲ್ಲ. ಸತ್ತವರು ಛೇದದಿಂದ, ಅಂದರೆ ಭಾಗಿಸುವ ಜನಸಂಖ್ಯೆಯಿಂದ, ಕಳೆದುಹೋಗುವುದರಿಂದ ಸರಾಸರಿ ಮೇಲೇರಿದಂತೆಯೇ ಕಾಣುತ್ತದೆ. ಜೀವಿತಾವಧಿ ನೋಡಿ: 1980ರ ದಶಕದ ಕೊನೆಗೆ 60ರ ಹತ್ತಿರ ಇದ್ದದ್ದು 2000ದ ಹೊತ್ತಿಗೆ 50ರ ಆಸುಪಾಸಿಗೆ ಕುಸಿಯಿತು. ಹೆಚ್ಚಾಗಿ ಹೋದವರು 25ರಿಂದ 45ರ ಪ್ರಾಯದವರು. ಇಪ್ಪತ್ತು ವರ್ಷ ಓದಿಸಿ ತಯಾರು ಮಾಡಿದ ಶಿಕ್ಷಕಿ ಐದೇ ವರ್ಷ ಪಾಠ ಹೇಳಿ ತೀರಿಕೊಂಡರೆ ಆ ನಷ್ಟವನ್ನು ಜಿಡಿಪಿ ಎಲ್ಲೂ ಬರೆದುಕೊಳ್ಳುವುದಿಲ್ಲ.

ಚಿತ್ರ ಬದಲಾದದ್ದು ಔಷಧಿಯಿಂದ. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಮೂರು ಔಷಧಿಗಳ ಚಿಕಿತ್ಸೆಯನ್ನು ಎಂಎಸ್‌ಎಫ್ ಎಂಬ ವೈದ್ಯರ ನೆರವು ಸಂಸ್ಥೆಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರ್‌ಗೆ ಕೊಡಲು ಮುಂದಾಯಿತು. ಅಲ್ಲಿಯವರೆಗಿನ ಬೆಲೆ 10,000 ಡಾಲರ್‌ಗೂ ಮೇಲಿತ್ತು. ಅದೇ ವರ್ಷ ಗಣಿ ಕಂಪನಿ ಡೆಬ್ಸ್‌ವಾನಾ ನೌಕರರಿಗೆ ಚಿಕಿತ್ಸೆ ಶುರು ಮಾಡಿತು. 2002ರ ಜನವರಿಯಲ್ಲಿ ಬೋಟ್ಸ್‌ವಾನಾ ಅಧ್ಯಕ್ಷ ಫೆಸ್ಟಸ್ ಮೊಗೇ ಸರ್ಕಾರ ‘ಮಾಸಾ’ ಹೆಸರಿನಲ್ಲಿ ಚಿಕಿತ್ಸೆಯನ್ನು ದೇಶದ ನಾಗರಿಕರಿಗೆ ಉಚಿತ ಮಾಡಿತು. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ಅಧ್ಯಕ್ಷ ಎಂಬೆಕಿ ಸರ್ಕಾರ ಈ ಔಷಧಿ ಕೊಡಲು ತಡ ಮಾಡಿದ್ದಕ್ಕೆ ತೆತ್ತ ಜೀವಗಳು 3.3 ಲಕ್ಷಕ್ಕೂ ಹೆಚ್ಚೆಂದು ಹಾರ್ವರ್ಡ್ ಸಂಶೋಧಕರ ಅಂದಾಜು. ನಿಮ್ಮ ಉತ್ತರದಲ್ಲಿ ಈ ಎರಡು ದೇಶಗಳನ್ನು ಅಕ್ಕಪಕ್ಕ ಇಡಿ.

ಕೃಷ್ಣಾತೀರ

ಲೆಕ್ಕಿಗರು ಮೊದಲ ಬಾಣವನ್ನು ಸಡಿಲ ಅಂದದ್ದು ಆಫ್ರಿಕಾಕ್ಕೆ ಸರಿ. ಉತ್ತರ ಕರ್ನಾಟಕಕ್ಕೆ ಹಾಗೇ ಅನ್ವಯಿಸಬೇಡಿ. ದೇವದಾಸಿ ಬಿಡುವುದನ್ನು 1982ರ ಕಾಯ್ದೆಯೇ ನಿಷೇಧಿಸಿತು. ಆದರೂ ಮುತ್ತು ಕಟ್ಟಿಸಿಕೊಂಡವರು ಹೆಚ್ಚಾಗಿ ಭೂಮಿಯಿಲ್ಲದ ದಲಿತ ಮನೆಯ ಹುಡುಗಿಯರೇ. ಅಲ್ಲಿಂದ ಮುಂಬೈ, ಪುಣೆ, ಸಾಂಗ್ಲಿಯ ಲೈಂಗಿಕ ವೃತ್ತಿಗೆ ನೇರ ದಾರಿಯಿತ್ತು. ಇಲ್ಲಿ ಬಡತನ ಮತ್ತು ಜಾತಿ ಎರಡೂ ಸೋಂಕಿಗೆ ಮುಂಚೆಯೇ ಕೆಲಸ ಮಾಡಿವೆ. ಹರಡುವಿಕೆ ತಗ್ಗಿದ್ದರಲ್ಲಿ ಈ ಹೆಂಗಸರೇ ಕಟ್ಟಿಕೊಂಡ ಸಂಘಗಳ ಪಾಲು ದೊಡ್ಡದು. ಒಬ್ಬಳೇ ‘ಕಾಂಡೋಮ್ ಇಲ್ಲದಿದ್ದರೆ ಆಗೋದಿಲ್ಲ’ ಅಂದರೆ ಗಿರಾಕಿ ಪಕ್ಕದವಳ ಹತ್ತಿರ ಹೋಗುತ್ತಾನೆ, ಎಲ್ಲರೂ ಅದನ್ನೇ ಅಂದರೆ ಅವನಿಗೆ ಬೇರೆ ದಾರಿಯಿಲ್ಲ.

ಓದುಗ_ಧಾರವಾಡ

ಇಬ್ಬರಿಗೂ ಧನ್ಯವಾದ. ಭಾರತದಲ್ಲಿ 2004ರಿಂದಲೇ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ, ಉಚಿತವಲ್ಲವೇ? ಮಾತ್ರೆಗೆ ಕಾಸಿಲ್ಲದ ಮೇಲೆ ಬಡತನ ಎಲ್ಲಿ ಅಡ್ಡ ಬರುತ್ತದೆ?

ಆಪ್ತಸಮಾಲೋಚಕಿ

ಮಾತ್ರೆ ಉಚಿತ, ಅದನ್ನು ತರುವ ದಿನ ಉಚಿತವಲ್ಲ. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300, ಲಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಮಾತ್ರೆ. ತಿಂಗಳ 30ರಲ್ಲಿ ಎರಡು ತಪ್ಪಿದರೂ, ಶೇ 95ರಷ್ಟು ಮಾತ್ರೆ ನುಂಗಲೇಬೇಕೆಂಬ ಗುರಿ ಕೈಬಿಟ್ಟಂತೆ. ಬಿಟ್ಟು ಬಿಟ್ಟು ನುಂಗಿದರೆ ರಕ್ತದಲ್ಲಿ ಔಷಧಿ ಅರೆಬರೆ ಉಳಿದು ವೈರಸ್‌ಗೆ ನಿರೋಧ ಬೆಳೆಸಿಕೊಳ್ಳಲು ಅವಕಾಶವಾಗುತ್ತದೆ.

ತಪ್ಪುವುದು ಯಾಕೆ? ಎಆರ್‌ಟಿ ಕೇಂದ್ರಕ್ಕೆ ಹೋದರೆ ಆ ದಿನದ ಕೂಲಿ ಹೋಯಿತು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಖರ್ಚು ಉಳಿದಿದೆ, ಕೂಲಿ ಉಳಿದಿಲ್ಲ, ಗಂಡಸರಿಗೆ ಎರಡೂ ಇಲ್ಲ. ಊರಿನವರು ನೋಡಿಯಾರು ಎಂದು ಹತ್ತಿರದ ತಾಲೂಕು ಆಸ್ಪತ್ರೆ ಬಿಟ್ಟು ದೂರದ ಜಿಲ್ಲೆಗೆ ಹೋಗುವವರೂ ಬಹಳ. ಅದು ಪ್ರತಿ ಸಲದ ಖರ್ಚನ್ನು ಹೆಚ್ಚಿಸುತ್ತದೆ. ಚಿಕಿತ್ಸೆಯಿಂದ ಆರೋಗ್ಯ ಸ್ಥಿರವಾಗಿರುವವರು ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಸಾಧ್ಯವೇ ಎಂದು ಕೇಳಬೇಕು. ಊರಿಗೆ ಹತ್ತಿರ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳುವುದೂ ಸಾಧ್ಯ.

ಕ್ಷಯ ಜೊತೆಗಿದ್ದರೆ ಇನ್ನೊಂದು ತೊಡಕು. ಕ್ಷಯದ ಔಷಧಿ ರಿಫಾಂಪಿಸಿನ್ ರಕ್ತದಲ್ಲಿ ಡೊಲುಟೆಗ್ರಾವಿರ್‌ನ ಮಟ್ಟವನ್ನು ಇಳಿಸುತ್ತದೆ, ಅದಕ್ಕೆ 12 ಗಂಟೆ ಬಿಟ್ಟು ಇನ್ನೊಂದು 50 ಮಿಲಿಗ್ರಾಂ ಮಾತ್ರೆ ಸೇರಿಸುತ್ತಾರೆ. ಈ ಎರಡನೆಯ ಮಾತ್ರೆಯನ್ನೇ ಜನ ಮರೆಯುವುದು. ಹಸಿದ ಹೊಟ್ಟೆಯಲ್ಲಿ ಇಷ್ಟು ಮಾತ್ರೆ ನುಂಗಿ ವಾಂತಿಯಾದರೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1,000 ರೂಪಾಯಿ ಬರುತ್ತದೆ, ಬ್ಯಾಂಕ್ ಖಾತೆ ಜೋಡಣೆಯಾಗಿದೆಯೇ ಎಂದು ಮೊದಲ ವಾರವೇ ನೋಡಿಕೊಳ್ಳಬೇಕು.

ಕೆಲಸ ಕಳೆದುಕೊಳ್ಳುವುದು ಇದೆಲ್ಲಕ್ಕಿಂತ ದೊಡ್ಡ ಹೊಡೆತ. ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸಿದೆ. ಇದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಗಾರೆ ಕೆಲಸದವನಿಗೆ ನೇಮಕಾತಿ ಪತ್ರವೇ ಇರುವುದಿಲ್ಲ, ಮೇಸ್ತ್ರಿ ‘ನಾಳೆ ಬರಬೇಡ’ ಅಂದರೆ ಮುಗಿಯಿತು. ಕಾಯ್ದೆ ಅಲ್ಲಿಗೆ ತಲುಪುತ್ತಿಲ್ಲ.

ಕಬ್ಬು ಕಟಾವಿಗೆ, ಗೋವಾದ ಕಟ್ಟಡ ಕೆಲಸಕ್ಕೆ ಹೊರಡುವವರು ಹೋಗುವ ಮುಂಚೆಯೇ ಕೇಂದ್ರಕ್ಕೆ ತಿಳಿಸಿ ಚಿಕಿತ್ಸೆಯ ವಿವರ ಬರೆದಿರುವ ಹಸಿರು ಪುಸ್ತಕವನ್ನು ಜೊತೆಗೆ ಒಯ್ಯಲಿ. ಅದನ್ನು ತೋರಿಸಿದರೆ ಬೇರೆ ರಾಜ್ಯದ ಎಆರ್‌ಟಿ ಕೇಂದ್ರದಲ್ಲೂ ಮಾತ್ರೆ ಸಿಗುತ್ತದೆ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು 1097ಕ್ಕೆ ಕರೆ ಮಾಡಬಹುದು, ಹಣ ಕಡಿತವಾಗುವುದಿಲ್ಲ.