ಸ್ಟೋಮಾ ಚೀಲ ಇಟ್ಟುಕೊಂಡು ಮದುವೆಗೆ ಹೋಗಬಹುದಾ?

ವಿರಾಜಪೇಟೆಯಿಂದ: ಗುದನಾಳದ ಕ್ಯಾನ್ಸರ್ ಆಪರೇಷನ್ ಆಗಿ 5 ತಿಂಗಳಾಯಿತು. ಹೊಟ್ಟೆಯ ಎಡಗಡೆ ಸ್ಟೋಮಾ (ಮಲ ಹೊರಬರಲು ಮಾಡಿದ ದ್ವಾರ), ಅದರ ಮೇಲೆ ಚೀಲ. ಮುಂದಿನ ವಾರ ತಂಗಿ ಮಗಳ ಮದುವೆ. ನಮ್ಮ ಕೊಡವ ಸೀರೆಯ ನೆರಿಗೆ ಹಿಂದೆ ಬರುತ್ತದೆ, ಮುಂದೆ ಚೀಲ ಉಬ್ಬಿ ಕಾಣುತ್ತದೆ. ನಿನ್ನೆ ಕನ್ನಡಿ ಮುಂದೆ ಉಟ್ಟು ನೋಡಿ ಅತ್ತುಬಿಟ್ಟೆ. ವಾಲಗ ಶುರುವಾದರೆ ಕುಣಿಯಲು ಎಳೆಯುತ್ತಾರೆ. ಹೋಗದೇ ಇರಲಾ?

ಸೋಮವಾರಪೇಟೆಯಿಂದ: ಅಕ್ಕಾ, ಖಂಡಿತ ಹೋಗಿ. ನನಗೆ 3 ವರ್ಷವಾಯಿತು. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಹಿಂದಿನ ದಿನ ಎಲೆಕೋಸು, ಮೊಟ್ಟೆ ಬೇಡ. ಲಂಗದ ಲಾಡಿ ಸ್ಟೋಮಾ ಮೇಲೆ ಬಿಗಿಯಬೇಡಿ. ಶಬ್ದ ಬರುವ ಹಾಗಿದ್ದರೆ ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ.

ಮಡಿಕೇರಿಯಿಂದ: ನನ್ನ ಅಮ್ಮ ಒಬ್ಬರಿಗಾದರೂ ಹೇಳಿಕೊಂಡ ಮೇಲೆಯೇ ಹೊರಗೆ ಹೊರಟಿದ್ದು. ನೀವೂ ಯಾರಿಗಾದರೂ ಹೇಳಿ.

ವಿರಾಜಪೇಟೆಯಿಂದ: ಅತ್ತಿಗೆಗೆ ಹೇಳಿದೆ. ಏನೂ ಕೇಳಲಿಲ್ಲ. ಹಳೇ ಹತ್ತಿ ಸೀರೆ ಹರಿದು, ರಾತ್ರಿಯೇ ಕೂತು ಮೆತ್ತನೆಯ ಸೊಂಟಪಟ್ಟಿ ಹೊಲಿದುಕೊಟ್ಟರು.